ಗೂಗಿ ಗಿಕುಯುವಿನಲ್ಲಿ ಬರೆದರು, ಅಚಿಬೆ ಇಂಗ್ಲಿಷಿನಲ್ಲಿ: ಯಾರದು ದೇಶದ ಭಾಷೆ?

ಪ್ರಶ್ನೆ: 2025ರ ಮೇ ತಿಂಗಳಲ್ಲಿ ಕೀನ್ಯಾದ ಲೇಖಕ ಗೂಗಿ ವಾ ಥಿಯಾಂಗೊ ತೀರಿಕೊಂಡಾಗ ನಾನು ಓದಿದ ಲೇಖನಗಳೆಲ್ಲ ಅವರು ಇಂಗ್ಲಿಷ್ ಬಿಟ್ಟು ತಮ್ಮ ಗಿಕುಯು ಭಾಷೆಗೆ ಮರಳಿದ್ದನ್ನೇ ಹೊಗಳಿದ್ದವು. ನೈಜೀರಿಯಾದ ಚಿನುವಾ ಅಚಿಬೆ ಮಾತ್ರ ಕೊನೆಯವರೆಗೂ ಇಂಗ್ಲಿಷಿನಲ್ಲೇ ಕಾದಂಬರಿ ಬರೆದರು. ಹಾಗಾದರೆ ಗೂಗಿ ನಿಜವಾದ ರಾಷ್ಟ್ರವಾದಿ, ಅಚಿಬೆ ಅರೆಮನಸ್ಸಿನವರು ಎನ್ನಬಹುದೇ? ಕುವೆಂಪು, ಬೇಂದ್ರೆ, ಮಾಸ್ತಿ ಕನ್ನಡದಲ್ಲಿ ಬರೆದದ್ದು ನಮಗೆ ಸಹಜ ಅನಿಸುತ್ತದೆ. ಅಲ್ಲಿ ಮಾತ್ರ ಇದು ಇಷ್ಟು ದೊಡ್ಡ ಜಗಳವಾದದ್ದೇಕೆ?
(ಎಂ.ಎ. ವಿದ್ಯಾರ್ಥಿನಿ, ಶಿವಮೊಗ್ಗ)

ಉತ್ತರ:

ನಿಮ್ಮ ಪ್ರಶ್ನೆಯ ಬಾಲವನ್ನೇ ಮೊದಲು ಹಿಡಿಯುತ್ತೇನೆ. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು. ಇಬ್ಬರೂ ಕನ್ನಡದಲ್ಲಿ ಬರೆದರು, ಇಬ್ಬರಿಗೂ ಜ್ಞಾನಪೀಠ ಬಂತು, ತಾಯ್ನುಡಿಗೆ ಬೆನ್ನು ತಿರುಗಿಸಿದವರು ಎಂದು ಅವರನ್ನು ಯಾರೂ ದೂರಲಿಲ್ಲ. ಅಂದರೆ ನಮಗೆ ಸಹಜ ಅನಿಸುವುದರಲ್ಲೂ ಒಂದು ಆಯ್ಕೆ ಇತ್ತು. ಊರು, ಬೀದಿ, ಶಾಲೆ, ಓದುಗರು ಎಲ್ಲ ಕನ್ನಡವಾಗಿದ್ದರಿಂದ ಅದು ಆಯ್ಕೆಯಂತೆ ಕಾಣಲಿಲ್ಲ, ಅಷ್ಟೆ.

ನಮಗೆ ಇನ್ನೊಂದು ಅನುಕೂಲವೂ ಇತ್ತು. ಏಕೀಕರಣದ ಹೋರಾಟಕ್ಕೂ ಸ್ವಾತಂತ್ರ್ಯದ ಹೋರಾಟಕ್ಕೂ ನಡುವೆ ತೀರಲಾರದ ತಕರಾರು ಬರಲಿಲ್ಲ. ಕನ್ನಡಾಭಿಮಾನಿ ದೇಶಾಭಿಮಾನಿಯೂ ಆಗಿರಬಹುದಿತ್ತು. 1956ರಲ್ಲಿ ನುಡಿಗೆ ತಕ್ಕಂತೆ ಗಡಿಯನ್ನೇ ಎಳೆದರು. ಆಫ್ರಿಕಾದ ಹೆಚ್ಚಿನ ದೇಶಗಳಲ್ಲಿ ಈ ಎರಡು ಎತ್ತುಗಳು ಒಂದೇ ನೊಗಕ್ಕೆ ಬರಲಿಲ್ಲ. ಯುರೋಪಿನವರು ಎಳೆದುಹೋದ ಗಡಿಗಳನ್ನು ಹಾಗೆಯೇ ಉಳಿಸಿಕೊಳ್ಳೋಣ ಎಂದು ಆಫ್ರಿಕನ್ ಏಕತಾ ಸಂಘಟನೆ 1964ರಲ್ಲಿ ಕೈರೊದಲ್ಲಿ ತೀರ್ಮಾನಿಸಿತು. ಆ ಗಡಿಯೊಳಗೆ ತನ್ನ ನುಡಿಯ ಪರ ದನಿಯೆತ್ತಿದವನಿಗೆ ಸಿಕ್ಕ ಬಿರುದು ರಾಷ್ಟ್ರವಾದಿ ಎಂದಲ್ಲ, ಬುಡಕಟ್ಟುವಾದಿ ಎಂದು. ಜಗಳದ ಬೇರು ಇಲ್ಲಿದೆ. ಇದನ್ನು ಮರೆತು ಅಚಿಬೆಗೂ ಗೂಗಿಗೂ ದೇಶಭಕ್ತಿಯ ಅಂಕ ಕೊಡಲು ಹೊರಟರೆ ಇಬ್ಬರಿಗೂ ಅನ್ಯಾಯ.

ಜಗಳ ಶುರುವಾದ ಜಾಗ ಉಗಾಂಡಾದ ರಾಜಧಾನಿ ಕಂಪಾಲಾ. 1962ರ ಜೂನ್, ಆ ದೇಶ ಸ್ವತಂತ್ರವಾಗಲು ಇನ್ನೂ ನಾಲ್ಕು ತಿಂಗಳಿತ್ತು. ಅಲ್ಲಿನ ಮಕೆರೆರೆ ಕಾಲೇಜಿನಲ್ಲಿ ಇಂಗ್ಲಿಷಿನಲ್ಲಿ ಬರೆಯುವ ಆಫ್ರಿಕನ್ ಲೇಖಕರ ಸಮ್ಮೇಳನ ನಡೆಯಿತು. ಅಚಿಬೆ, ವೋಲೆ ಸೋಯಿಂಕಾ, ಕ್ರಿಸ್ಟೊಫರ್ ಓಕಿಗ್ಬೊ, ದಕ್ಷಿಣ ಆಫ್ರಿಕಾದ ಎಜೆಕಿಯಲ್ ಂಫಾಲೆಲೆ ಎಲ್ಲ ಬಂದಿದ್ದರು. ಆಗಿನ್ನೂ ಜೇಮ್ಸ್ ಗೂಗಿ ಎಂಬ ಹೆಸರಿನ ವಿದ್ಯಾರ್ಥಿಯೊಬ್ಬನೂ ಇದ್ದ. ಇಂಗ್ಲಿಷಿನಲ್ಲಿ ಪ್ರಕಟವಾಗಿದ್ದ ಎರಡು ಸಣ್ಣಕತೆಗಳ ಬಲದ ಮೇಲೆ ತನಗೆ ಅಲ್ಲಿ ಪ್ರವೇಶ ಸಿಕ್ಕಿತು, ಸ್ವಾಹಿಲಿಯ ಮಹಾಕವಿ ಶಾಬಾನ್ ರಾಬರ್ಟ್ ಅವರಿಗಾಗಲಿ ಯೊರುಬಾ ಕಾದಂಬರಿಕಾರ ಫಗುನ್ವಾ ಅವರಿಗಾಗಲಿ ಆ ಅರ್ಹತೆಯೇ ಇರಲಿಲ್ಲ ಎಂದು ಗೂಗಿ ಮುಂದೆ ಬರೆದರು. ಚುಚ್ಚುವ ಮಾತು, ಆದರೆ ನಿಜ. ಸಮ್ಮೇಳನದ ಹಿಂದಿದ್ದ ಸಂಸ್ಥೆಗೆ ಅಮೆರಿಕದ ಸಿಐಎಯಿಂದ ಹಣ ಬರುತ್ತಿತ್ತೆಂಬುದು ಕೆಲವೇ ವರ್ಷಗಳಲ್ಲಿ ಬಯಲಾಯಿತು. ಅಷ್ಟಕ್ಕೇ ಆಫ್ರಿಕಾದ ಇಂಗ್ಲಿಷ್ ಸಾಹಿತ್ಯವೆಲ್ಲ ಗೂಢಚಾರರ ಸಂಚು ಎನ್ನುವುದು ಸೋಮಾರಿ ವಿಮರ್ಶೆ. ಆ ದುಡ್ಡಿನಲ್ಲಿ ಊಟ ಮಾಡಿದವರಲ್ಲೇ ಹಲವರು ಮುಂದೆ ತಮ್ಮ ಸರ್ಕಾರಗಳ ನಿದ್ದೆ ಕೆಡಿಸಿದರು.

ಮರುವರ್ಷ ನೈಜೀರಿಯಾದ ವಿಮರ್ಶಕ ಓಬಿ ವಾಲಿ, ಯುರೋಪಿನ ಭಾಷೆಗಳಲ್ಲಿ ಬರೆಯುವ ಆಫ್ರಿಕನ್ ಸಾಹಿತ್ಯಕ್ಕೆ ಮುಂದೆ ದಾರಿಯಿಲ್ಲ, ಅದು ಗೋಡೆಗೆ ಹೋಗಿ ಮುಟ್ಟುವ ಓಣಿ ಎಂಬ ಅರ್ಥದ ಲೇಖನ ಬರೆದರು. ಅದು ಬಂದದ್ದು ಕಂಪಾಲಾದ 'ಟ್ರಾನ್ಸಿಷನ್' ಪತ್ರಿಕೆಯಲ್ಲಿ. ಪತ್ರಿಕೆಯನ್ನು ಕಟ್ಟಿದವರು ಅಲ್ಲೇ ಹುಟ್ಟಿದ ಬಂಗಾಳಿ ರಜತ್ ನಿಯೋಗಿ.

ಅದಕ್ಕೆ ಅಚಿಬೆ ಕೊಟ್ಟ ಉತ್ತರವನ್ನು ನಮ್ಮ ತರಗತಿಗಳಲ್ಲಿ ಒಂದು ಸಾಲಿಗೆ ಇಳಿಸಿಬಿಡುತ್ತೇವೆ: 'ಇಂಗ್ಲಿಷ್ ನನ್ನ ಕೈಗೆ ಬಂದಿದೆ, ಬಳಸುತ್ತೇನೆ.' ಅವರ ವಾದ ಅದಕ್ಕಿಂತ ಗಟ್ಟಿ. ಐನೂರಕ್ಕೂ ಹೆಚ್ಚು ಭಾಷೆಗಳಿರುವ ನೈಜೀರಿಯಾದಲ್ಲಿ ಇಡೀ ದೇಶಕ್ಕೆ ಸಲ್ಲುವ ಸಾಹಿತ್ಯ, ಒಂದು ಜನಾಂಗಕ್ಕೆ ಸಲ್ಲುವ ಸಾಹಿತ್ಯ ಎಂದು ಅವರು ಎರಡನ್ನೂ ಬೇರೆ ಮಾಡಿ ನೋಡಿದರು. ಇಗ್ಬೊ ಹಳ್ಳಿಯ ಕತೆ ಯೊರುಬಾ ಓದುಗನಿಗೂ ಹೌಸಾ ಓದುಗನಿಗೂ ಮುಟ್ಟಬೇಕಾದರೆ ಆಗ ಇದ್ದ ದಾರಿ ಇಂಗ್ಲಿಷ್ ಒಂದೇ. ಆ ಇಂಗ್ಲಿಷ್ ಲಂಡನ್ನಿನದಾಗಿ ಉಳಿಯಬಾರದು, ತನ್ನ ನೆಲದ ಅನುಭವವನ್ನು ಹೊರುವಂತೆ ಅದನ್ನು ಬಗ್ಗಿಸಬೇಕು ಎಂಬುದು ಅವರ ಷರತ್ತು. ಹೀಗೆ ನೋಡಿದರೆ ಇಂಗ್ಲಿಷನ್ನು ಆರಿಸಿಕೊಂಡ ಅಚಿಬೆಯೇ ಇಲ್ಲಿ ನೈಜೀರಿಯಾದ ರಾಷ್ಟ್ರವಾದಿ.

ತಮ್ಮ ತಾಯ್ನುಡಿ ಇಗ್ಬೊವಿನ ಲಿಖಿತ ರೂಪದ ಮೇಲೂ ಅವರಿಗೆ ಕೋಪವಿತ್ತು. 1913ರ ಇಗ್ಬೊ ಬೈಬಲ್ಲಿಗಾಗಿ ಮಿಷನರಿ ಡೆನಿಸ್ ಹಲವು ಸೀಮೆಗಳ ಮಾತನ್ನು ಕಲಸಿ 'ಯೂನಿಯನ್ ಇಗ್ಬೊ' ಎಂಬುದೊಂದನ್ನು ಮಾಡಿದರು. ಯಾವ ಊರಿನಲ್ಲೂ ಯಾವ ಅಜ್ಜಿಯೂ ಹಾಗೆ ಮಾತಾಡುತ್ತಿರಲಿಲ್ಲ. ಬರಹಕ್ಕೆ ಇದೇ ಮಾದರಿ ಎಂದಾದಾಗ ಅಚಿಬೆಯವರಿಗೆ ಅದು ಬಾಯಿಗೆ ತುರುಕಿದ ಹೊಟ್ಟಿನಂತೆ ಕಂಡಿತು. 1999ರಲ್ಲಿ ಓವೆರಿಯಲ್ಲಿ ಇಗ್ಬೊವಿನಲ್ಲೇ ಉಪನ್ಯಾಸ ಕೊಟ್ಟಾಗಲೂ ಅವರು ಆಡಿದ್ದು ತಮ್ಮ ಸೀಮೆಯ ಇಗ್ಬೊ, ಜಾಡಿಸಿದ್ದು ಈ ಕೃತಕ ಶಿಷ್ಟಭಾಷೆಯನ್ನು. ಕೆಲವೊಮ್ಮೆ ತಾಯ್ನುಡಿಯ ಲಿಖಿತ ರೂಪವೂ ಪರರ ಕೈಯಲ್ಲಿ ತಯಾರಾಗಿರುತ್ತದೆ.

ಇನ್ನು ಗೂಗಿ. (ನಾವು ಬರೆಯುವ 'ಗೂಗಿ' ಇಂಗ್ಲಿಷಿನ ದಾರಿಯಲ್ಲಿ ಬಂದ ಉಚ್ಚಾರ. ಅವರ ಊರಲ್ಲಿ ಅದು ಹೆಚ್ಚುಕಡಿಮೆ 'ಙ್ಗೋಗೆ'. ನಮ್ಮ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕೂತಿರುವ 'ಙ'ಕ್ಕೆ ಅಲ್ಲಿ ದಿನವೂ ದುಡಿಮೆ.) ಅವರ ಶಾಲೆಯ ಕತೆ ಎಲ್ಲರಿಗೂ ಗೊತ್ತು. ಮೌ ಮೌ ಬಂಡಾಯವನ್ನು ಹತ್ತಿಕ್ಕಲು 1952ರಲ್ಲಿ ಹೇರಿದ ತುರ್ತುಸ್ಥಿತಿಯ ನಂತರ ಊರಿನವರು ನಡೆಸುತ್ತಿದ್ದ ಶಾಲೆಗಳನ್ನು ಬ್ರಿಟಿಷರು ವಶಪಡಿಸಿಕೊಂಡರು. ಶಾಲೆಯ ಆವರಣದಲ್ಲಿ ಗಿಕುಯು ಆಡಿ ಸಿಕ್ಕಿಬಿದ್ದ ಹುಡುಗನ ಕೈಗೆ ಒಂದು ಗುಂಡಿ, ಅವನು ಇನ್ನೊಬ್ಬ ತಪ್ಪಿತಸ್ಥನನ್ನು ಹುಡುಕಿ ಅದನ್ನು ದಾಟಿಸಬೇಕು, ಸಂಜೆ ಎಲ್ಲರಿಗೂ ಸರದಿಯಲ್ಲಿ ಏಟು. ಕನ್ನಡ ಆಡಿದರೆ ದಂಡ ಹಾಕುವ ನಮ್ಮ ಕಾನ್ವೆಂಟುಗಳು ಇದನ್ನು ಓದುವಾಗ ನೆನಪಾದರೆ ನಿಮ್ಮ ತಪ್ಪಲ್ಲ. ಆದರೆ ಗೂಗಿ ಭಾಷೆ ಬದಲಿಸಿದ್ದು ಈ ಗಾಯದಿಂದ ಎಂದು ನಾನು ಒಪ್ಪುವುದಿಲ್ಲ. ಏಟು ತಿಂದ ಮೇಲೂ ಅವರು ನಾಲ್ಕು ಕಾದಂಬರಿಗಳನ್ನು ಇಂಗ್ಲಿಷಿನಲ್ಲಿ ಬರೆದರಲ್ಲ!

ಅವರನ್ನು ಬದಲಿಸಿದ್ದು ಒಂದು ಊರು. ನೈರೋಬಿಯ ಹತ್ತಿರ ಲಿಮುರು, ಅದರ ಪಕ್ಕ ಕಮಿರೀಥು. ಅಲ್ಲಿನವರು ಚಹಾ ತೋಟದ ಕೂಲಿಗಳು, ಬಾಟಾ ಚಪ್ಪಲಿ ಕಾರ್ಖಾನೆಯ ಕಾರ್ಮಿಕರು, ತುಂಡು ಜಮೀನಿನವರು, ಏನೂ ಇಲ್ಲದವರು. 1976ರಲ್ಲಿ ಗೂಗಿ ನೈರೋಬಿ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯದ ಪ್ರಾಧ್ಯಾಪಕರು. ಊರಿನ ಒಬ್ಬ ಹೆಂಗಸು ಭಾನುವಾರ ಬಿಡದೆ ಅವರ ಮನೆಗೆ ಬಂದು, ನೀನು ಅಷ್ಟೆಲ್ಲ ಓದಿದವನಂತೆ, ಅದರಲ್ಲಿ ಒಂಚೂರು ನಮಗೂ ಕೊಡಬಾರದೇ ಎಂದು ಕೇಳುತ್ತಿದ್ದಳು. ಗೂಗಿ ಹೋದರು. ಅಕ್ಷರ ಕಲಿಸುವ ಕೆಲಸ ನಾಟಕಕ್ಕೆ ತಿರುಗಿತು. ಗೂಗಿ ವಾ ಮಿರೀ ಎಂಬ ಇನ್ನೊಬ್ಬರ ಜೊತೆ ಸೇರಿ ಬರೆದ 'ಙಾಹಿಕಾ ಂಡೇಂಡಾ' ನಾಟಕವನ್ನು ಊರಿನವರೆದುರು ಓದಿದರು, ಊರಿನವರು ತಿದ್ದಿದರು. ಮುದುಕರು ಈ ವಯಸ್ಸಿನವನು ಹೀಗೆ ಮಾತಾಡುವುದಿಲ್ಲ ಎಂದು ಪ್ರಾಧ್ಯಾಪಕರ ಗಿಕುಯುವನ್ನು ಸರಿಮಾಡಿದರು. ಒಂದೂವರೆ ಎಕರೆಯ ಹಕ್ಕುಪತ್ರವನ್ನು ಗೋಡೆಗೆ ತೂಗುಹಾಕಿಕೊಂಡ ಬಡ ರೈತ, ಅದರ ಮೇಲೆ ಕಣ್ಣಿಟ್ಟ ಸಾಹುಕಾರ, ನಡುವೆ ಬ್ಯಾಂಕಿನ ಸಾಲ: ಇಷ್ಟೇ ಕತೆ. ಊರಿನವರೇ ಎರಡು ಸಾವಿರ ಜನ ಕೂರುವ ಬಯಲು ರಂಗಮಂದಿರ ಕಟ್ಟಿ, 1977ರ ಅಕ್ಟೋಬರ್‌ನಲ್ಲಿ ಆಟ ಶುರು ಮಾಡಿದರು.

ಈಗ ಎರಡು ತಾರೀಖುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಅದೇ 1977ರ ಜುಲೈನಲ್ಲಿ ಗೂಗಿಯ ಇಂಗ್ಲಿಷ್ ಕಾದಂಬರಿ 'ಪೆಟಲ್ಸ್ ಆಫ್ ಬ್ಲಡ್' ಬಿಡುಗಡೆಯಾಗಿತ್ತು. ಸ್ವತಂತ್ರ ಕೀನ್ಯಾದ ಆಳುವವರನ್ನು ಅದು ನಾಟಕಕ್ಕಿಂತ ಉಗ್ರವಾಗಿ ಬೈಯುತ್ತದೆ. ಬಿಡುಗಡೆ ಮಾಡಿದವರು ಹಣಕಾಸು ಮಂತ್ರಿ ಮ್ವಾಯಿ ಕಿಬಾಕಿ. ಮಂತ್ರಿಗಳೇ ಬಂದು ಬೈಗುಳಕ್ಕೆ ಚಪ್ಪಾಳೆ ತಟ್ಟಿ ಹೋದರು! ನವೆಂಬರ್ 16ಕ್ಕೆ ಗಿಕುಯು ನಾಟಕದ ಪರವಾನಗಿ ರದ್ದಾಯಿತು, ವರ್ಷದ ಕೊನೆಯ ದಿನ ಗೂಗಿ ಬಂಧನವಾಯಿತು. ವಿಚಾರಣೆಯಿಲ್ಲದೆ ಸುಮಾರು ಒಂದು ವರ್ಷ ಕಮೀಟಿ ಎಂಬ ಹೆಸರಿನ ಜೈಲು. ಇಂಗ್ಲಿಷಿನಲ್ಲಿ ಬೈದರೆ ಕೇಳುವವರು ಬೈಸಿಕೊಂಡವರೇ. ಗಿಕುಯುವಿನಲ್ಲಿ ಬೈದಾಗ ಕೇಳಿದವರು ಜಮೀನು ಕಳೆದುಕೊಂಡವರು.

ಜೈಲಿನಲ್ಲಿ ಅವರು ಮೊದಲ ಗಿಕುಯು ಕಾದಂಬರಿಯನ್ನು ಟಾಯ್ಲೆಟ್ ಕಾಗದದ ಮೇಲೆ ಬರೆದರು. ಕೈದಿಗಳಿಗೆ ಒತ್ತಲೆಂದೇ ಒರಟಾಗಿ ಮಾಡಿದ ಕಾಗದ ಪೆನ್ನಿಗೆ ಮಾತ್ರ ಹೇಳಿಮಾಡಿಸಿದಂತಿತ್ತಂತೆ. 1980ರಲ್ಲಿ ಪುಸ್ತಕ ಬಂದಾಗ ಜನ ಅದನ್ನು ಮನೆಗಳಲ್ಲಿ, ಬಾರುಗಳಲ್ಲಿ ಗಟ್ಟಿಯಾಗಿ ಓದಿಸಿ ಕೇಳಿದರು. ಓದುವವನು ರೋಚಕವಾದ ಜಾಗಕ್ಕೆ ಬಂದಾಗ ನಿಲ್ಲಿಸಿ ಗ್ಲಾಸು ನೋಡುತ್ತಿದ್ದ, ಕೇಳುವವರು ತುಂಬಿಸುತ್ತಿದ್ದರು. ನಮ್ಮ ಹಳ್ಳಿಗಳ ಭಾರತವಾಚನ ಕಂಡವರಿಗೆ ಇದು ಹೊಸದಲ್ಲ, ಗ್ಲಾಸೊಂದನ್ನು ಬಿಟ್ಟರೆ. 1982ರಲ್ಲಿ ಪೊಲೀಸರು ಲಾರಿಗಳಲ್ಲಿ ಬಂದು ಕಮಿರೀಥುವಿನ ರಂಗಮಂದಿರವನ್ನು ನೆಲಸಮ ಮಾಡಿದರು, ಗೂಗಿ ದೇಶಭ್ರಷ್ಟರಾದರು. 1986ರಲ್ಲಿ 'ಮತಿಗಾರಿ' ಕಾದಂಬರಿ ಬಂದಾಗ, ನ್ಯಾಯ ಕೇಳುತ್ತ ಮತಿಗಾರಿ ಎಂಬುವನೊಬ್ಬ ಊರೂರು ಅಲೆಯುತ್ತಿದ್ದಾನೆಂಬ ಮಾತು ಸರ್ಕಾರದ ಕಿವಿಗೆ ಬಿದ್ದು, ಅವನನ್ನು ಹಿಡಿಯಲು ಪೊಲೀಸರು ಹೊರಟಿದ್ದರು. ಅವನು ಪುಸ್ತಕದೊಳಗೆ ಇದ್ದಾನೆಂದು ಗೊತ್ತಾದ ಮೇಲೆ ಪುಸ್ತಕವನ್ನೇ ಹಿಡಿದುಕೊಂಡು ಹೋದರು.

ಗೂಗಿಯ ವಾದದಲ್ಲಿ ಬಿರುಕೇ ಇಲ್ಲವೆಂದಲ್ಲ. ಗಿಕುಯು ಕೀನ್ಯಾದ ಮೊದಲ ಅಧ್ಯಕ್ಷ ಜೋಮೊ ಕೆನ್ಯಾಟರ ಭಾಷೆ. ನಲವತ್ತಕ್ಕೂ ಹೆಚ್ಚು ಭಾಷೆಗಳಿರುವ ದೇಶದಲ್ಲಿ ಲುವೊ ಓದುಗನೊಬ್ಬ, ಇದು ಬಡವರ ಭಾಷೆಯೋ ಆಳುವವರ ಭಾಷೆಯೋ ಎಂದು ಕೇಳಿದರೆ ಅದು ಕುಹಕವಲ್ಲ. ಆಫ್ರಿಕಾದ ಭಾಷೆಗಳು ನೇರವಾಗಿ ಒಂದರಿಂದೊಂದಕ್ಕೆ ಅನುವಾದವಾಗಲಿ ಎಂಬುದು ಗೂಗಿಯ ಉತ್ತರ. ಸೊಗಸಾದ ಉತ್ತರ. ಆದರೆ ಅವರನ್ನು ಜಗತ್ತಿಗೆ ತಲುಪಿಸಿದ್ದು ಬಹುಮಟ್ಟಿಗೆ ಅವರೇ ಮಾಡಿಕೊಂಡ ಇಂಗ್ಲಿಷ್ ಅನುವಾದಗಳು. ಇಂಗ್ಲಿಷಿಗೆ ವಿದಾಯ ಹೇಳಿದ್ದ ಅವರು ಕೊನೆಗಾಲದ ನೆನಪುಗಳ ಪುಸ್ತಕಗಳನ್ನು ಇಂಗ್ಲಿಷಿನಲ್ಲೇ ಬರೆದರು. ನನಗೆ ಇದರಲ್ಲಿ ಬೂಟಾಟಿಕೆ ಕಾಣುವುದಿಲ್ಲ. ಕಮಿರೀಥುವಿನ ಬಯಲಿನಲ್ಲಿ ಎದುರಿಗೆ ಕೂತಿದ್ದವರನ್ನು ಕಿತ್ತುಕೊಂಡು ಕ್ಯಾಲಿಫೋರ್ನಿಯಾದಲ್ಲಿ ಇಟ್ಟರೆ ಬರೆಯುವವನು ಯಾರ ಕಿವಿಗೆಂದು ಬರೆಯಬೇಕು?

ಸಣ್ಣ ಭಾಷೆಯವರ ಕಷ್ಟ ಇನ್ನೂ ಬೇರೆ. ಕೆನ್ ಸಾರೊ-ವಿವಾ ನೈಜೀರಿಯಾದ ಓಗೊನಿ ಜನಾಂಗದವರು, ತಾಯ್ನುಡಿ ಖಾನಾ. ಇಂಗ್ಲಿಷ್ ತೊಲಗಿದರೆ ಆ ಜಾಗಕ್ಕೆ ಬಂದು ಕೂರುವುದು ಖಾನಾ ಅಲ್ಲ; ಹೌಸಾ, ಯೊರುಬಾ, ಇಗ್ಬೊ. ಅವರಿಗೆ ದೂರದ ಇಂಗ್ಲಿಷಿಗಿಂತ ಪಕ್ಕದ ದೊಡ್ಡಣ್ಣಂದಿರ ಭಯವೇ ಹೆಚ್ಚು. ಹಿಂದಿ ಬೇಡ, ಇಂಗ್ಲಿಷ್ ಇರಲಿ ಎಂದ ದಕ್ಷಿಣ ಭಾರತದವರಿಗೆ ಈ ಲೆಕ್ಕಾಚಾರವನ್ನು ವಿವರಿಸಬೇಕಿಲ್ಲ. ಹಾಗೆಂದು ಸಾರೊ-ವಿವಾ ಶಿಷ್ಟ ಇಂಗ್ಲಿಷಿಗೆ ಶರಣಾಗಲಿಲ್ಲ. 1985ರ 'ಸೋಜಾಬಾಯ್' ಕಾದಂಬರಿಯನ್ನು ಸಿಪಾಯಿ ಹುಡುಗನ ಬಾಯಲ್ಲಿ ಬರುವ 'ಕೊಳೆತ ಇಂಗ್ಲಿಷ್'ನಲ್ಲಿ ಬರೆದರು, ಹಾಗೆಂದು ಪುಸ್ತಕದ ಮೇಲೇ ಅಚ್ಚುಹಾಕಿಸಿದರು. ತಮ್ಮ ಜನರ ನೆಲ ಹಾಳುಗೆಡವುತ್ತಿದ್ದ ತೈಲೋದ್ಯಮದ ವಿರುದ್ಧ ಹೋರಾಡಿದ ಅವರನ್ನು 1995ರ ನವೆಂಬರ್ 10ರಂದು ಸೇನಾ ಸರ್ಕಾರ ಗಲ್ಲಿಗೇರಿಸಿತು.

ತಾಯ್ನುಡಿಯನ್ನೇ ಬೇಲಿಯಾಗಿ ಬಳಸಿದ್ದೂ ಉಂಟು. ದಕ್ಷಿಣ ಆಫ್ರಿಕಾದ 1953ರ ಬಂಟು ಶಿಕ್ಷಣ ಕಾಯ್ದೆಯಡಿ ಕರಿಯ ಮಕ್ಕಳಿಗೆ ಪ್ರಾಥಮಿಕ ಹಂತವೆಲ್ಲ ತಾಯ್ನುಡಿಯಲ್ಲೇ ಪಾಠ ಎಂದಾಯಿತು. ಕೇಳಲು ಚೆಂದ. ಜುಲು, ಖೋಸಾ, ಸೊಥೊ ಎಂದು ಮಕ್ಕಳನ್ನು ಬೇರೆ ಬೇರೆ ಮಾಡುವುದು, ದೊಡ್ಡ ಕೆಲಸಗಳಿಂದ ದೂರವಿಡುವುದು ಒಳಗಿನ ಉದ್ದೇಶ. ಆಮೇಲೆ ಅರ್ಧ ಪಾಠಗಳು ಆಳುವ ಬಿಳಿಯರ ನುಡಿಯಾದ ಆಫ್ರಿಕಾನ್ಸ್‌ನಲ್ಲಿರಬೇಕೆಂಬ ಆದೇಶ ಬಂದಾಗ 1976ರ ಜೂನ್ 16ರಂದು ಸೊವೆಟೊದ ಮಕ್ಕಳು ಬೀದಿಗಿಳಿದರು, ಗುಂಡು ತಿಂದರು. ಆಫ್ರಿಕಾನ್ಸ್ ಕೂಡ ಒಂದು ಕಾಲಕ್ಕೆ ಇಂಗ್ಲಿಷಿನ ದಬ್ಬಾಳಿಕೆಗೆ ಎದುರು ನಿಂತ ನುಡಿಯೇ ಎಂಬುದು ಇಲ್ಲಿನ ಕಹಿ ತಮಾಷೆ. ಆ ತಲೆಮಾರಿನ ಕರಿಯ ಲೇಖಕರಲ್ಲಿ ಬಹಳಷ್ಟು ಜನ ಇಂಗ್ಲಿಷನ್ನು ಎಲ್ಲರೂ ಸೇರುವ ಜಾಗವೆಂದು ಕಂಡದ್ದು ಏಕೆಂದು ಈಗ ನಿಮಗೆ ಹೊಳೆದಿರಬೇಕು.

ದೇಶಕ್ಕೊಂದು ಸ್ವಂತ ಭಾಷೆ ದಕ್ಕಿದ ಕಡೆ ಏನಾಯಿತು? ಟಾಂಜಾನಿಯಾಕ್ಕೆ ಸ್ವಾಹಿಲಿ ದಕ್ಕಿತು, ಅದು ಒಳನಾಡಿನ ಯಾವ ದೊಡ್ಡ ಜನಾಂಗದ ಸೊತ್ತೂ ಆಗಿರಲಿಲ್ಲವೆಂಬುದೇ ಅದಕ್ಕೆ ದೊಡ್ಡ ಕಾರಣ. ಅಧ್ಯಕ್ಷ ಜೂಲಿಯಸ್ ನ್ಯೆರೆರೆ ತಾವೇ ಕೂತು ಶೇಕ್ಸ್‌ಪಿಯರನ 'ಜೂಲಿಯಸ್ ಸೀಸರ್' ಅನ್ನು ಸ್ವಾಹಿಲಿಗೆ ತಂದರು, 1963ರಲ್ಲಿ ಅದು ಪ್ರಕಟವಾಯಿತು. 'ಮರ್ಚೆಂಟ್ ಆಫ್ ವೆನಿಸ್' ಅನುವಾದಕ್ಕೆ ಅವರಿಟ್ಟ ಹೆಸರಿನಲ್ಲಿ ವರ್ತಕ ಹೋಗಿ ಬಂಡವಾಳಶಾಹಿಗಳು ಬಂದಿದ್ದರು! ಅಷ್ಟಾದರೂ ಹೈಸ್ಕೂಲಿನಿಂದ ಮೇಲೆ ಇಂಗ್ಲಿಷೇ ಉಳಿಯಿತು. ಸೊಮಾಲಿಯಾದಲ್ಲಿ ಬಹುತೇಕ ಎಲ್ಲರದೂ ಒಂದೇ ಭಾಷೆ, 1972ರಲ್ಲಿ ಅದಕ್ಕೆ ಅಧಿಕೃತ ಲಿಪಿಯೂ ಸಿಕ್ಕಿತು. ನುರುದ್ದೀನ್ ಫರಾ ಸೊಮಾಲಿಯಲ್ಲಿ ಧಾರಾವಾಹಿ ಕಾದಂಬರಿ ಶುರುಮಾಡಿದರು, ಸೆನ್ಸಾರ್ ಅದನ್ನು ನಡುವೆಯೇ ನಿಲ್ಲಿಸಿತು, ಅವರು ಮತ್ತೆ ಇಂಗ್ಲಿಷಿಗೆ ಹೋದರು. 1991ರಲ್ಲಿ ಸೊಮಾಲಿಯಾ ದೇಶವೇ ಒಡೆದು ಚೂರಾಯಿತು.

ಫ್ರೆಂಚ್ ಕಡೆಯದು ಒಂದೇ ಪ್ರಸಂಗ ಹೇಳುತ್ತೇನೆ, ಬಿಡಲು ಮನಸ್ಸಾಗುತ್ತಿಲ್ಲ. ಸೆನೆಗಲ್ಲಿನ ಒಸ್ಮಾನ್ ಸೆಂಬೆನ್ ಫ್ರೆಂಚಿನಲ್ಲಿ ಒಳ್ಳೆಯ ಕಾದಂಬರಿಕಾರ. ತನ್ನ ಜನ ಅದನ್ನು ಓದಲಾರರೆಂದು ಸಿನಿಮಾ ಕಡೆ ಹೊರಳಿ, ವೊಲೊಫ್ ಮಾತಿನಲ್ಲಿ ಚಿತ್ರ ಮಾಡಿದರು. 1977ರ ಅವರ 'ಸೆಡ್ಡೊ' ಚಿತ್ರವನ್ನು ಸರ್ಕಾರ ತಡೆಹಿಡಿಯಿತು. ಕೊಟ್ಟ ಕಾರಣ: ಸರ್ಕಾರಿ ಕಾಗುಣಿತದ ಪ್ರಕಾರ ಹೆಸರಿನಲ್ಲಿ 'ಡ' ಒಂದೇ ಇರಬೇಕು, ಸೆಂಬೆನ್ ಎರಡು ಹಾಕಿದ್ದಾರೆ. ಅಧ್ಯಕ್ಷರು ಲೆಯೊಪೋಲ್ಡ್ ಸೆಂಗೋರ್, ಫ್ರೆಂಚಿನಲ್ಲಿ ಬರೆದ ಕವಿ, ಫ್ರೆಂಚ್ ವ್ಯಾಕರಣದಲ್ಲಿ ಪಂಡಿತರು. ಧರ್ಮಗಳ ಮೇಲೆ ಚಿತ್ರ ಎತ್ತಿದ ಪ್ರಶ್ನೆಗಳೇ ನಿಜವಾದ ಕಾರಣವೆಂದು ಬಹಳ ಜನ ನಂಬಿದ್ದಾರೆ, ನಾನೂ ನಂಬುತ್ತೇನೆ. ಸೆಂಬೆನ್ ಒತ್ತಕ್ಷರ ತೆಗೆಯಲು ಒಪ್ಪಲಿಲ್ಲ.

ಈ ಚರ್ಚೆಯೆಲ್ಲ ನಡೆಯುತ್ತಿದ್ದ ಕಾಲದಲ್ಲೇ, ಯಾರ ಅಪ್ಪಣೆಗೂ ಕಾಯದೆ, ಉತ್ತರ ನೈಜೀರಿಯಾದ ಕಾನೊ ಪೇಟೆಯಲ್ಲಿ ಹೌಸಾ ಭಾಷೆಯ ಅಗ್ಗದ ಪ್ರೇಮಕಾದಂಬರಿಗಳು ರಾಶಿ ರಾಶಿ ಮಾರಾಟವಾಗತೊಡಗಿದ್ದವು. ಬರೆಯುವವರಲ್ಲಿ, ಓದುವವರಲ್ಲಿ ಹೆಂಗಸರೇ ಬಹಳ. ಒಲ್ಲದ ಮದುವೆ, ಸವತಿಯರ ಕಾಟ, ಗಂಡನ ಮನೆ ಬಿಟ್ಟು ಬಂದವಳ ಪಾಡು, ಜೊತೆಗೆ ಅಲ್ಲಿನವರು ಹುಚ್ಚೆದ್ದು ನೋಡುವ ಹಿಂದಿ ಸಿನಿಮಾಗಳ ಛಾಯೆ. ಬಲರಬಾ ರಮತ್ ಯಾಕುಬು ಅವರ ಅಂಥದೊಂದು ಕಾದಂಬರಿಯ ಇಂಗ್ಲಿಷ್ ಅನುವಾದ 2012ರಲ್ಲಿ ಪ್ರಕಟವಾದದ್ದು ಲಂಡನ್ನಿನಲ್ಲಿ ಅಲ್ಲ, ನಮ್ಮ ಚೆನ್ನೈಯಲ್ಲಿ. 2007ರಲ್ಲಿ ಕಾನೊ ಸರ್ಕಾರ ಇಂಥ ಪುಸ್ತಕಗಳನ್ನು ಬಹಿರಂಗವಾಗಿ ಸುಟ್ಟಿತ್ತು. ತಾಯ್ನುಡಿಯ ಸಾಹಿತ್ಯ ಬೇಕೆಂದು ಸಮ್ಮೇಳನಗಳಲ್ಲಿ ಕೂಗಿದವರಲ್ಲಿ ಈ ಹೆಂಗಸರನ್ನು ಓದಿದವರು ಬಹಳ ಕಡಿಮೆ. ನಿಮ್ಮ ಪ್ರಬಂಧಕ್ಕೆ ಹೊಸ ಜಾಗ ಹುಡುಕುತ್ತಿದ್ದರೆ ಇಲ್ಲಿ ಹುಡುಕಿ.

ಇನ್ನು ನೀವು ಅಚಿಬೆಗೆ ಬಳಸಿದ 'ಅರೆಮನಸ್ಸು' ಎಂಬ ಮಾತು. ಅವರು ಇಂಗ್ಲಿಷಿನಲ್ಲಿ ಕಟ್ಟಲು ಹೊರಟಿದ್ದ ನೈಜೀರಿಯಾ 1967ರಲ್ಲಿ ಒಡೆಯಿತು. ಇಗ್ಬೊ ಜನರ ಬಿಯಾಫ್ರಾ ಬೇರೆಯಾಯಿತು, ಯುದ್ಧ ಬಂತು, ಅಚಿಬೆ ಬಿಯಾಫ್ರಾದ ಪರವಾಗಿ ದೇಶದೇಶ ಸುತ್ತಿ ಅದೇ ಇಂಗ್ಲಿಷಿನಲ್ಲಿ ವಾದಿಸಿದರು. ಅವರ ಆಪ್ತ ಗೆಳೆಯ, ಮಕೆರೆರೆಗೆ ಬಂದಿದ್ದ ಕವಿ ಓಕಿಗ್ಬೊ ಬಂದೂಕು ಹಿಡಿದು ಹೋಗಿ ಆ ವರ್ಷವೇ ರಣರಂಗದಲ್ಲಿ ಸತ್ತರು. ಗೆಳೆಯನಿಗಾಗಿ ಅಚಿಬೆ ಬರೆದ ಚರಮಗೀತೆ ಇಗ್ಬೊವಿನಲ್ಲಿದೆ. ಓರಗೆಯವನು ತೀರಿಕೊಂಡಾಗ ಅವನ ವಯಸ್ಸಿನವರು ಊರೆಲ್ಲ ಹುಡುಕುತ್ತ ಹಾಡುವ ಹಳೆಯ ಹಾಡಿನ ಧಾಟಿ ಅದಕ್ಕಿದೆ. ಸೌದೆಗೆ ಹೋಗಿದ್ದಾನೋ, ಬರಲಿ. ನೀರಿಗೆ ಹೋಗಿದ್ದಾನೋ, ಬರಲಿ ಎಂದು ಕರೆಯುತ್ತ ಹೋಗುತ್ತದೆ. ಅದನ್ನು ಇಂಗ್ಲಿಷಿಗೆ ತಂದವರು ಅಚಿಬೆಯಲ್ಲ, ಇನ್ನೊಬ್ಬರು.